ಎಣಿಸುವ ನಾಲಿಗೆ, ಬೈಯುವ ನಾಲಿಗೆ: ಒಂದು ಪ್ರಕರಣ ಅಧ್ಯಯನ

ಅವರು ಮೊದಲು ನನ್ನ ಹತ್ತಿರ ಬಂದಿದ್ದು ಮಗಳ ಸಲುವಾಗಿ. ಮಗಳು ನಾಲ್ಕನೇ ಕ್ಲಾಸು. ಒಂದು ಸಂಜೆ ಗುಣಾಕಾರದ ಲೆಕ್ಕ ಮಾಡುತ್ತಾ ಕೂತಿದ್ದವಳು, ಉತ್ತರ ತಪ್ಪಿದ್ದು ನೋಡಿ ಪೆನ್ಸಿಲಿನಿಂದ ಹಣೆ ತಟ್ಟಿಕೊಂಡು 'ನಂದೂ ಒಂದು ತಲೇನಾ' ಅಂದಳಂತೆ. ಒಂಬತ್ತು ವರ್ಷದ ಹುಡುಗಿ. 'ಅವಳಿಗೆ ನಮ್ಮನೇಲಿ ಯಾರೂ ಹಾಗೆ ಅಂದಿಲ್ಲ ಮೇಡಂ, ಎಲ್ಲಿ ಕಲಿತಳೋ' ಅಂದರು. ಅಂದವರು ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ ಮೆಲ್ಲಗೆ, 'ನನ್ನಿಂದಾನೇ ಇರಬೇಕು. ನನಗೆ ನಾನೇ ಅಂದ್ಕೊಳ್ತಿರ್ತೀನಿ. ಬಾಯಿಂದ ಆಚೆ ಬರ್ತಿದೆ ಅಂತ ಗೊತ್ತೇ ಇರಲಿಲ್ಲ' ಅಂದರು.

ನಾನು ತುಮಕೂರಿನಲ್ಲಿ ಆಪ್ತಸಮಾಲೋಚಕಿ. ಈ ಪ್ರಕರಣ ಬರೆಯಲು ಅವರು ಒಪ್ಪಿದ್ದಾರೆ, ಬರೆದಿದ್ದನ್ನು ಓದಿಯೂ ಇದ್ದಾರೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಆ ತಾಯಿಯ ವಯಸ್ಸು 38. ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ, ಒಂದು ಪತ್ತಿನ ಸಹಕಾರ ಸಂಘದಲ್ಲಿ 11 ವರ್ಷದಿಂದ ಕ್ಯಾಷಿಯರ್.

ನಡೆದಿದ್ದು ಏನು

ನನ್ನ ಹತ್ತಿರ ಬರುವುದಕ್ಕೆ ಐದು ತಿಂಗಳ ಹಿಂದೆ, ಕೊಬ್ಬರಿ ಮಾರ್ಕೆಟ್ ದಿನ, ಸಂಜೆ ಲೆಕ್ಕ ಟ್ಯಾಲಿ ಆಗಲಿಲ್ಲ. 10,500 ರೂಪಾಯಿ ಕಮ್ಮಿ. ಆವತ್ತು ಎಣಿಕೆ ಮಷಿನ್ ಕೆಟ್ಟಿತ್ತು. ಕೌಂಟರಿನಲ್ಲಿ ಅವರೊಬ್ಬರೇ. ಬೆಳಿಗ್ಗೆಯಿಂದ ಕೈಯಲ್ಲೇ ಎಣಿಸಿ ಕೊಟ್ಟಿದ್ದರು. ಡ್ರಾಯರ್ ಬರಿದು ಮಾಡಿ ನೋಡಿದರು, ಕಸದ ಬುಟ್ಟಿ ಬೋರಲು ಹಾಕಿದರು, ಸ್ಲಿಪ್ಪುಗಳನ್ನೆಲ್ಲ ಮತ್ತೆ ಕೂಡಿದರು. ದುಡ್ಡು ಎಲ್ಲಿ ಹೋಯಿತು ಅಂತ ಇವತ್ತಿಗೂ ಗೊತ್ತಿಲ್ಲ. ಅವರ ಸಂಬಳ 18,000. ಕ್ಯಾಷ್ ಕಮ್ಮಿ ಬಂದರೆ ಕ್ಯಾಷಿಯರೇ ತುಂಬಿಕೊಡಬೇಕು ಅನ್ನುವುದು ಅಲ್ಲಿಯ ರೂಢಿ. ಮೂರು ಕಂತಿನಲ್ಲಿ ತುಂಬಿದರು.

ದುಡ್ಡಿನ ವಿಷಯ ಅಲ್ಲಿಗೆ ಮುಗಿಯಿತು. ಆದರೆ ಆಮೇಲೆ ಪ್ರತಿ ಕಟ್ಟನ್ನೂ ಐದಾರು ಸಲ ಎಣಿಸತೊಡಗಿದರು. ಕ್ಯೂ ಬೆಳೆಯುತ್ತಿತ್ತು, ಜನ ಗೊಣಗುತ್ತಿದ್ದರು, ಅದರಿಂದ ಗಾಬರಿ ಇನ್ನೂ ಜಾಸ್ತಿ ಆಗುತ್ತಿತ್ತು. ರಾತ್ರಿ ಮೂರು ಗಂಟೆಗೆ ಎಚ್ಚರ ಆದರೆ ಮತ್ತೆ ನಿದ್ದೆ ಇಲ್ಲ. ಹೊಟ್ಟೆಯಲ್ಲಿ ಉರಿ. ನೆಂಟರ ಮದುವೆಯಲ್ಲಿ ಮುಯ್ಯಿ ಬರೆಯುವುದು ಯಾವಾಗಲೂ ಇವರದೇ ಕೆಲಸ. 'ಬ್ಯಾಂಕಿನವಳಿದಾಳೆ, ಅವಳೇ ಕೂರಲಿ' ಅಂತ ಎಲ್ಲರೂ ಹೆಮ್ಮೆಯಿಂದ ಕೂರಿಸುತ್ತಿದ್ದರು. ಆ ವರ್ಷ ಎರಡು ಮದುವೆಗೆ ತಲೆನೋವು ಅಂತ ಹೇಳಿ ಹೋಗಲೇ ಇಲ್ಲ.

ಮೊದಲ ಭೇಟಿಯಲ್ಲೇ ಎರಡು ಕೆಲಸ ಮಾಡಿದೆ. ಸಾಯುವ ಯೋಚನೆ ಏನಾದರೂ ಬರುತ್ತದಾ ಅಂತ ನೇರವಾಗಿ ಕೇಳಿದೆ. ಇಲ್ಲ ಅಂದರು. ಆದರೂ ಟೆಲಿ ಮಾನಸ್ ಸಹಾಯವಾಣಿಯ ನಂಬರ್ 14416 ಬರೆದುಕೊಟ್ಟೆ. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಇನ್ನೊಂದು, ಡಾಕ್ಟರ ಹತ್ತಿರ ಕಳಿಸಿದೆ. ಸುಸ್ತು, ನಿದ್ದೆಗೇಡು ಇದ್ದಾಗ ಥೈರಾಯ್ಡ್, ರಕ್ತ ನೋಡಿಸದೆ ಎಲ್ಲವನ್ನೂ ಮನಸ್ಸಿನ ಮೇಲೆ ಹಾಕಬಾರದು. ಥೈರಾಯ್ಡ್ ಸರಿ ಇತ್ತು. ರಕ್ತ ಸ್ವಲ್ಪ ಕಮ್ಮಿ, ಅದಕ್ಕೆ ಮಾತ್ರೆ ಶುರುವಾಯಿತು.

ಸ್ಲಿಪ್ಪಿನ ಬೆನ್ನಿಗೆ ಬರೆದದ್ದು

'ನೋಟು ಕೈಗೆ ಬಂದಾಗ ಏನು ಯೋಚನೆ ಬರುತ್ತೆ?' ಅಂತ ಕೇಳಿದೆ. 'ಏನೂ ಯೋಚನೆ ಇಲ್ಲ ಮೇಡಂ. ಸುಮ್ನೆ ಎದೆ ಹೊಡ್ಕೊಳ್ಳುತ್ತೆ' ಅಂದರು.

ಅವರು ಸುಳ್ಳು ಹೇಳುತ್ತಿರಲಿಲ್ಲ. 1960ರ ದಶಕದಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಏರನ್ ಬೆಕ್ ಎಂಬ ಮನೋವೈದ್ಯರು ಖಿನ್ನತೆ ಇದ್ದವರ ಜೊತೆ ಕೆಲಸ ಮಾಡುವಾಗ ಇದನ್ನೇ ಗಮನಿಸಿದ್ದರು. ಬಾಯಲ್ಲಿ ಒಂದು ಮಾತು ನಡೆಯುತ್ತಿರುವಾಗಲೇ ಒಳಗೆ ಇನ್ನೊಂದು ಮಾತಿನ ಎಳೆ ಓಡುತ್ತಿರುತ್ತದೆ. ತುಂಬಾ ವೇಗ, ತುಂಬಾ ಚಿಕ್ಕದು. ಕೇಳದಿದ್ದರೆ ಯಾರೂ ಹೇಳುವುದಿಲ್ಲ, ಯಾಕೆಂದರೆ ಅದೊಂದು ಮಾತು ಅಂತ ಅವರಿಗೇ ಅನ್ನಿಸಿರುವುದಿಲ್ಲ. ತಾನಾಗಿ ಬರುವ ಯೋಚನೆ ಅಂತ ಬೆಕ್ ಅದನ್ನು ಕರೆದರು. ಎಲ್ಲರ ತಲೆಯಲ್ಲೂ ಮಾತೇ ಓಡುತ್ತದೆ ಅಂತಲ್ಲ. ಕೆಲವರಿಗೆ ಬರೀ ಚಿತ್ರ ಬರುತ್ತದೆ, ಕೆಲವರಿಗೆ ಬರೀ ಒಂದು ಹಿಂಡಿದ ಹಾಗೆ. ಇವರಿಗೆ ಮಾತೇ ಬರುತ್ತಿತ್ತು, ಅದೂ ಗಟ್ಟಿಯಾಗಿ.

ಒಂದು ವಾರದ ಕೆಲಸ ಕೊಟ್ಟೆ. ಎದೆ ಹೊಡೆದುಕೊಂಡ ತಕ್ಷಣ, ಒಳಗೆ ಬಂದ ಮಾತನ್ನು ಬಂದ ಹಾಗೇ ಬರೆದಿಡಿ. ತಿದ್ದಬೇಡಿ, ಪುಸ್ತಕದ ಭಾಷೆ ಬೇಡ. ಅವರು ರದ್ದಾದ ವಿತ್‌ಡ್ರಾಯಲ್ ಸ್ಲಿಪ್ಪುಗಳ ಬೆನ್ನಿಗೆ ಬರೆದು, ನೋಟಿನ ಕಟ್ಟಿನ ಹಾಗೆ ರಬ್ಬರ್ ಬ್ಯಾಂಡ್ ಹಾಕಿ ತಂದರು. 31 ಚೀಟಿ. ಮೇಜಿನ ಮೇಲೆ ಹರಡಿ, ಕ್ಯಾಷಿಯರ್ ಅಲ್ವಾ, ಅವರೇ ವಿಂಗಡಿಸಿದರು.

'ಇವತ್ತೂ ಕಮ್ಮಿ ಬರುತ್ತೆ ನೋಡು' ಅನ್ನುವ ಥರದವು ಏಳು. 'ಎಲ್ಲರೂ ನಗ್ತಿದಾರೆ' ಅನ್ನುವವು ಐದು. ಉಳಿದ 19 ಚೀಟಿಯಲ್ಲೂ ಒಂದೇ ಮಾತು. ನಿಂದೂ ಒಂದು ತಲೇನಾ.

ಆ ಮಾತನ್ನು ನಾವಿಬ್ಬರೂ ತುಂಬಾ ಹೊತ್ತು ನೋಡಿದೆವು. ಅದು ಪ್ರಶ್ನೆಯ ರೂಪದಲ್ಲಿದೆ, ಆದರೆ ಅದಕ್ಕೆ ಉತ್ತರ ಕೊಡುವ ಹಾಗಿಲ್ಲ. ಯಾವ ನೋಟು, ಯಾವ ಹೊತ್ತು, ಎಲ್ಲಿ ತಪ್ಪಿತು ಅನ್ನುವ ಒಂದು ವಿವರವೂ ಅದರಲ್ಲಿಲ್ಲ. ತಪ್ಪಿದ್ದು ಒಂದು ಎಣಿಕೆ, ಬೈಸಿಕೊಂಡಿದ್ದು ಇಡೀ ತಲೆ. ತಲೆಯನ್ನು ತಿದ್ದಿಕೊಳ್ಳುವುದು ಹೇಗೆ? ಎಣಿಕೆಯನ್ನಾದರೆ ತಿದ್ದಬಹುದು.

'ಇದು ಯಾರ ದನಿ?' ಅಂತ ಕೇಳಿದೆ. ಕೇಳಿದ್ದೇ ತಡ, ಕಣ್ಣು ತುಂಬಿಕೊಂಡಿತು. ಅಪ್ಪನದು. ಸಂಜೆ ಜಗಲಿಯಲ್ಲಿ ಕೂರಿಸಿ ಮಗ್ಗಿ ಹೇಳಿಸುವಾಗ, ಹದಿಮೂರರ ಮಗ್ಗಿಯಲ್ಲಿ ತಡವರಿಸಿದರೆ ಬರುತ್ತಿದ್ದ ಮಾತು. ಅಪ್ಪ ತೀರಿಕೊಂಡು ಎಂಟು ವರ್ಷ ಆಗಿದೆ. ಇಲ್ಲಿ ನಾನು ಹುಷಾರಾಗಿರಬೇಕಿತ್ತು. ತಪ್ಪೆಲ್ಲ ಅಪ್ಪನದು ಅಂತ ಕೈ ತೊಳೆದುಕೊಳ್ಳುವುದು ಸುಲಭ, ಅದರಿಂದ ಯಾರಿಗೂ ಉಪಯೋಗ ಇಲ್ಲ. ಅವರೇ ಹೇಳಿದರು: 'ಅಪ್ಪನಿಗೆ ನಾನಂದ್ರೆ ಪ್ರಾಣ ಮೇಡಂ. ಎತ್ತಿನ ಹಗ್ಗ ಬಿಚ್ಚಿಕೊಂಡು ಹೋದರೂ, ಪಂಪ್‌ಸೆಟ್ ಆಫ್ ಮಾಡೋದು ಮರೆತರೂ ಅವರು ತಮಗೂ ಅದನ್ನೇ ಅಂದ್ಕೊಳ್ತಿದ್ರು.'

ತಾತನಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಬಂದ ಮಾತು. ರಷ್ಯಾದ ಮನೋವಿಜ್ಞಾನಿ ಲೆವ್ ವೈಗಾಟ್ಸ್ಕಿ 1930ರ ದಶಕದಲ್ಲೇ ಇದರ ಬಗ್ಗೆ ಬರೆದಿದ್ದರು. ಚಿಕ್ಕ ಮಕ್ಕಳು ಆಡುತ್ತಾ ಜೋರಾಗಿ ತಮಗೆ ತಾವೇ ಮಾತಾಡಿಕೊಳ್ಳುತ್ತಾರಲ್ಲ, ಅದು ದೊಡ್ಡವರು ತಮ್ಮ ಜೊತೆ ಆಡಿದ ಮಾತಿನಿಂದ ಬೆಳೆದದ್ದು. ಬರಬರುತ್ತಾ ದನಿ ಅಡಗಿ ಅದೇ ಒಳಮಾತಾಗುತ್ತದೆ ಅನ್ನುವುದು ಅವರ ವಾದ.

ಹುಣಸೆ ಬೀಜ

ಮೂರನೇ ಭೇಟಿಯಲ್ಲಿ ನಡೆದಿದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಈ ಪ್ರಕರಣದಲ್ಲಿ ನಾನು ಕಲಿತದ್ದು ಅಲ್ಲೇ.

ಅವರಿಗೆ ಒಂದು ನಂಬಿಕೆ ಇತ್ತು. ಬೈದುಕೊಂಡರೆ ಹುಷಾರಾಗಿರುತ್ತೇನೆ, ಬೈಯುವುದು ಬಿಟ್ಟರೆ ಇನ್ನೂ ತಪ್ಪು ಮಾಡುತ್ತೇನೆ ಅಂತ. ಈ ನಂಬಿಕೆ ನಮ್ಮಲ್ಲಿ ತುಂಬಾ ಜನರಿಗಿದೆ. ಮಕ್ಕಳನ್ನು ಬೆಳೆಸುವುದೂ ಹಾಗೇ ಅಲ್ವಾ? ಬಾಯಿಮಾತಿನಲ್ಲಿ ವಾದ ಮಾಡಿದರೆ ಇದು ಕದಲುವುದಿಲ್ಲ.

ನನ್ನ ಕೋಣೆಯಲ್ಲಿ ಮಕ್ಕಳಿಗೆ ಅಂತ ಒಂದು ಅಳಗುಳಿ ಮಣೆ, ಒಂದು ಡಬ್ಬಿ ಹುಣಸೆ ಬೀಜ ಇಟ್ಟಿರುತ್ತೇನೆ. ಬೀಜವನ್ನು ಮೇಜಿನ ಮೇಲೆ ಸುರಿದು, 'ಎಣಿಸಿ' ಅಂದೆ. ಎರಡೆರಡಾಗಿ ಸರಸರ ಸರಿಸಿದರು. ಬೆರಳು ಓಡುವುದು ನೋಡಲೇ ಚೆಂದ. ತುಟಿ ಸಣ್ಣಗೆ ಅಲ್ಲಾಡುತ್ತಿತ್ತು. 'ನೂರಾ ಇಪ್ಪತ್ತಾರು' ಅಂದರು.

'ಸರಿ. ಈಗ ಮತ್ತೆ ಎಣಿಸಿ. ಎಣಿಸ್ತಾ, ಬಾಯಲ್ಲಿ ಆ ಚೀಟಿಯ ಮಾತನ್ನ ಬಿಡದೆ ಹೇಳ್ತಾ ಇರಿ.'

ನಕ್ಕರು. ಶುರು ಮಾಡಿದರು. ನಿಂದೂ ಒಂದು ತಲೇನಾ, ನಿಂದೂ ಒಂದು ತಲೇನಾ. ಬೆರಳು ನಿಧಾನವಾಯಿತು. ನಲವತ್ತರ ಆಸುಪಾಸಿನಲ್ಲಿ ಒಂದು ಬೀಜದ ಮೇಲೆ ಬೆರಳಿಟ್ಟು ನಿಂತರು. 'ಮರೆತುಹೋಯ್ತು.' ಮತ್ತೆ ಮೊದಲಿನಿಂದ. ಈ ಸಲ ಮೂವತ್ತೂ ದಾಟಲಿಲ್ಲ. ಬೆರಳನ್ನು ಬೀಜದ ಮೇಲಿಂದ ಎತ್ತದೆ ನನ್ನನ್ನೇ ನೋಡಿದರು. 'ಅಂದ್ರೆ ಕೌಂಟರಲ್ಲೂ...?'

ಹೌದು. ನೋಟು ಎಣಿಸುವಾಗ ನಾವು ಒಳಗೆ ಮೂವತ್ತೊಂದು, ಮೂವತ್ತೆರಡು ಅಂತ ಹೇಳಿಕೊಳ್ಳುತ್ತಿರುತ್ತೇವೆ. ಹೇಳುವುದು ಒಳಗಿನ ನಾಲಿಗೆ. ಬೈಯುವುದೂ ಅದೇ ನಾಲಿಗೆ. ಬ್ರಿಟನ್ನಿನ ಮನೋವಿಜ್ಞಾನಿಗಳಾದ ಅಲನ್ ಬ್ಯಾಡ್ಲಿ ಮತ್ತು ಗ್ರಹಾಂ ಹಿಚ್ 1974ರಲ್ಲಿ 'ಕೆಲಸದ ನೆನಪು' (ವರ್ಕಿಂಗ್ ಮೆಮೊರಿ) ಅನ್ನುವುದರ ಒಂದು ವಿವರಣೆ ಕೊಟ್ಟರು. ಆ ಕ್ಷಣಕ್ಕೆ ಬೇಕಾದ ಸಂಖ್ಯೆ, ಪದಗಳನ್ನು ಮನಸ್ಸು ಒಳಗೇ ಉಚ್ಚರಿಸಿಕೊಂಡು ಉಳಿಸಿಕೊಳ್ಳುತ್ತದೆ. ಆ ಜಾಗ ತುಂಬಾ ಚಿಕ್ಕದು. ಸಂಬಂಧವಿಲ್ಲದ ಪದವೊಂದನ್ನು ಸುಮ್ಮನೆ ಹೇಳುತ್ತಾ ಇದ್ದರೂ ಸಾಕು, ಇಟ್ಟುಕೊಂಡಿದ್ದು ಜಾರಿಹೋಗುತ್ತದೆ. ಮನೆಯಲ್ಲಿ ನೀವೂ ಮಾಡಿ ನೋಡಬಹುದು. ಅದರಲ್ಲೂ ಎದೆ ನಡುಗಿಸುವ ಮಾತಾದರೆ ಕೇಳಬೇಕೆ?

ಅವರು ಹುಷಾರಿಗೆ ಅಂತ ಬೈದುಕೊಳ್ಳುತ್ತಿದ್ದರು. ಬೈದುಕೊಂಡಿದ್ದರಿಂದಲೇ ಎಣಿಕೆ ತಪ್ಪುತ್ತಿತ್ತು. ತಪ್ಪಿದ್ದಕ್ಕೆ ಮತ್ತೆ ಬೈಗುಳ. ಐದು ತಿಂಗಳು ಈ ಗಾಣದಲ್ಲೇ ಸುತ್ತಿದ್ದರು. ಆವತ್ತು ಹೊರಡುವಾಗ ಹತ್ತಿಪ್ಪತ್ತು ಹುಣಸೆ ಬೀಜ ಕೇಳಿ, ಕರ್ಚೀಫಿನ ತುದಿಯಲ್ಲಿ ಗಂಟು ಹಾಕಿಕೊಂಡು ಹೋದರು.

ಫಲಿಸದೇ ಹೋದದ್ದು

ಅಷ್ಟರಲ್ಲಿ ಅವರ ಚಿಕ್ಕಮ್ಮನ ಮಗಳು ವಾಟ್ಸ್ಆ್ಯಪಿನಲ್ಲಿ ದಿನಾ ಬೆಳಿಗ್ಗೆ ಹೇಳಿಕೊಳ್ಳಬೇಕಾದ ಮಾತುಗಳನ್ನು ಕಳಿಸಿದ್ದಳು. 'ನಾನು ಧೈರ್ಯವಂತೆ', 'ನಾನು ಎಂದೂ ತಪ್ಪು ಮಾಡುವುದಿಲ್ಲ'. ಹತ್ತು ದಿನ ಕನ್ನಡಿ ಮುಂದೆ ನಿಂತು ಹೇಳಿದರಂತೆ. 'ಹೇಳ್ತಿದ್ದ ಹಾಗೇ ಒಳಗಿಂದ, ಹೌದಾ, 10,500 ಎಲ್ಲಿ ಹೋಯ್ತು ಹಾಗಾದ್ರೆ, ಅಂತ ಕೇಳುತ್ತೆ ಮೇಡಂ' ಅಂದರು.

ಇದು ಅವರೊಬ್ಬರ ಅನುಭವ ಅಲ್ಲ. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಜೋಆನ್ ವುಡ್ ಮತ್ತು ಜೊತೆಗಾರರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮ ಬಗ್ಗೆ ಮೊದಲೇ ಕೀಳಾಗಿ ಅಂದುಕೊಂಡಿದ್ದವರು 'ನಾನು ಪ್ರೀತಿಗೆ ಅರ್ಹ ವ್ಯಕ್ತಿ' ಅಂತ ಮತ್ತೆ ಮತ್ತೆ ಹೇಳಿಕೊಂಡಾಗ, ಹೇಳಿಕೊಳ್ಳದವರಿಗಿಂತ ಕುಗ್ಗಿಹೋಗಿದ್ದರು. ಮನಸ್ಸು ಒಪ್ಪದ ಹೊಗಳಿಕೆಯನ್ನು ತುರುಕಿದರೆ ಅದು ತಿರುಗಿ ವಾದಕ್ಕೆ ನಿಲ್ಲುತ್ತದೆ. ಇಂಥ ಮಾತುಗಳನ್ನು ಎಲ್ಲರಿಗೂ ಮದ್ದು ಅಂತ ಹಂಚುವವರನ್ನು ನೋಡಿದರೆ ನನಗೆ ನಿಜಕ್ಕೂ ಕಳವಳ ಆಗುತ್ತದೆ. ಹೆಚ್ಚು ಬೇಕಾಗಿರುವವರಿಗೇ ಅದು ಹೆಚ್ಚು ನೋಯಿಸುತ್ತದೆ.

ಆ ಮಾತು ಬರಲೇಬಾರದು ಅಂತ ಅದುಮುವುದನ್ನೂ ಅವರು ಮಾಡಿ ನೋಡಿದ್ದರು. ಅದೂ ಆಗುವ ಕೆಲಸವಲ್ಲ. ಮದ್ದು ಕುಡಿಯುವಾಗ ಕೋತಿ ನೆನಪು ಮಾಡಿಕೊಳ್ಳಬೇಡ ಅನ್ನುವ ನಮ್ಮ ಹಳೇ ಕತೆ ಗೊತ್ತಲ್ಲ, ಹಾಗೇ.

ಅಜ್ಜಿಗೆ ಹೇಳುವ ಮಾತು

ನಾಲ್ಕನೇ ಭೇಟಿಯಲ್ಲಿ ಸುಮ್ನೆ ಕೌಂಟರಿನ ಸುದ್ದಿ ಕೇಳುತ್ತಾ ಕೂತೆ. ಯಾರ್ಯಾರು ಬರುತ್ತಾರೆ, ಹೇಗೆ ಮಾತಾಡುತ್ತಾರೆ ಅಂತ. ಆಗ ಒಬ್ಬ ಅಜ್ಜಿಯ ಮಾತು ಬಂತು. ಸ್ವಸಹಾಯ ಸಂಘದ ಕಂತು ಕಟ್ಟಲು ಬರುವವರು. ಸೆರಗಿನ ಗಂಟು ಬಿಚ್ಚಿ ಹತ್ತು, ಇಪ್ಪತ್ತರ ನೋಟು ತೆಗೆದು ಎಣಿಸುತ್ತಾರೆ. ಪ್ರತಿ ಸಲ ಒಂದಲ್ಲ ಒಂದು ನೋಟು ಹೆಚ್ಚುಕಮ್ಮಿ. ಹಿಂದಿನವರು ಅವಸರ ಮಾಡಿದರೆ ಅಜ್ಜಿಯ ಕೈ ನಡುಗುತ್ತದೆ.

'ಆಗ ನೀವೇನು ಹೇಳ್ತೀರಿ?'

'ಏನಿಲ್ಲ. ಗಾಬರಿ ಬೇಡ ಕಣಜ್ಜಿ, ಇನ್ನೊಂದ್ಸಲ ಎಣಿಸೋಣ, ಅಂತೀನಿ.'

'ನಿಂದೂ ಒಂದು ತಲೇನಾ ಅಜ್ಜಿ ಅನ್ನಲ್ವಾ?'

ಗಾಬರಿಯಿಂದ ನೋಡಿದರು. 'ಛೆ! ಹಾಗೆಲ್ಲಾದ್ರೂ ಅನ್ನೋದುಂಟಾ?'

ಆಮೇಲೆ ನಾನು ಏನೂ ಹೇಳಬೇಕಾಗಲಿಲ್ಲ.

ಅವರಿಗೆ ಹೊಸ ಮಾತು ಕಲಿಸಬೇಕಾದ ಅಗತ್ಯವೇ ಇರಲಿಲ್ಲ. ಹನ್ನೊಂದು ವರ್ಷದಿಂದ ದಿನಾ ಬೇರೆಯವರಿಗೆ ಹೇಳಿ ಹೇಳಿ ನಾಲಿಗೆಗೆ ಪಳಗಿದ ಮಾತು ಅವರ ಹತ್ತಿರವೇ ಇತ್ತು. ಅದರಲ್ಲಿ ಸುಳ್ಳು ಹೊಗಳಿಕೆ ಇಲ್ಲ. 'ನೀನು ತಪ್ಪೇ ಮಾಡಲ್ಲ' ಅಂತ ಅದು ಹೇಳುವುದಿಲ್ಲ, ಎಣಿಕೆ ತಪ್ಪಿದೆ ಅನ್ನುವುದನ್ನು ಒಪ್ಪಿಕೊಂಡೇ ಮುಂದಿನ ಕೆಲಸ ತೋರಿಸುತ್ತದೆ. 'ಎಣಿಸು' ಅನ್ನದೆ 'ಎಣಿಸೋಣ' ಅನ್ನುತ್ತದೆ, ಜೊತೆಗೆ ಒಬ್ಬರು ನಿಂತ ಹಾಗೆ. ಅಜ್ಜಿಗೆ ಹೇಳುವುದನ್ನು ತಮಗೆ ಹೇಳಿಕೊಳ್ಳುವುದಾದರೆ ಹೇಗೆ ಕರೆದುಕೊಳ್ಳುತ್ತೀರಿ ಅಂತ ಕೇಳಿದೆ. ಯೋಚಿಸಿ, ಅಮ್ಮನ ಮನೆಯಲ್ಲಿ ಕರೆಯುತ್ತಿದ್ದ ಹೆಸರು ಹೇಳಿದರು. ಪುಟ್ಟಿ.

'ಗಾಬರಿ ಬೇಡ ಕಣೇ ಪುಟ್ಟಿ, ಇನ್ನೊಂದ್ಸಲ ಎಣಿಸೋಣ.'

ಮಿಶಿಗನ್ ವಿಶ್ವವಿದ್ಯಾಲಯದ ಈಥನ್ ಕ್ರಾಸ್ ಮತ್ತು ಸಂಗಡಿಗರು 2014ರಲ್ಲಿ ಇದಕ್ಕೆ ಹತ್ತಿರದ ಪ್ರಯೋಗಗಳನ್ನು ಪ್ರಕಟಿಸಿದ್ದಾರೆ. ದಿಢೀರನೆ ಭಾಷಣ ಮಾಡಬೇಕು ಅಂದಾಗ, 'ನನಗೆ ಯಾಕೆ ಭಯ' ಅಂತ ಯೋಚಿಸಿದವರಿಗಿಂತ ತಮ್ಮ ಹೆಸರು ಹಿಡಿದು ತಮ್ಮನ್ನೇ ಮಾತಾಡಿಸಿಕೊಂಡವರು ಕಮ್ಮಿ ತಳಮಳ ಪಟ್ಟರು, ಚೆನ್ನಾಗಿ ಮಾತಾಡಿದರು, ಆಮೇಲೆ ಕೊರಗಿದ್ದೂ ಕಮ್ಮಿ. ಸ್ವಲ್ಪ ದೂರ ನಿಂತು ನೋಡಿದ ಹಾಗೆ ಆಗುತ್ತದೆ. ನಮ್ಮ ದಾಸರ ಪದಗಳಲ್ಲಿ 'ಮನವೇ' ಅಂತ ಮನಸ್ಸನ್ನು ಎದುರಿಗೆ ಕೂರಿಸಿಕೊಂಡು ಮಾತಾಡಿಸುವುದು ಎಷ್ಟು ಹಳೆಯ ರೂಢಿ!

ಆದರೆ ನನ್ನ ಅನುಭವದಲ್ಲಿ ಒಂದು ಮಾತು ಸೇರಿಸಬೇಕು. ಕನ್ನಡದವರು ತಮ್ಮನ್ನು ಬೈದುಕೊಳ್ಳುವಾಗ ಎಷ್ಟೋ ಸಲ ಮೊದಲೇ 'ನೀನು' ಅಂತಲೇ ಬೈದುಕೊಳ್ಳುತ್ತಾರೆ. ಇವರ 19 ಚೀಟಿಯಲ್ಲೂ 'ನಿಂದೂ' ಅಂತಲೇ ಇತ್ತು. ಹಾಗಾಗಿ 'ನಾನು' ಬಿಟ್ಟು 'ನೀನು' ಅಂದರೆ ಸಾಕು ಅಂತ ನಾನು ಹೇಳುವುದಿಲ್ಲ. ಕರೆಯುವುದು ಯಾವ ಬಾಯಿಂದ ಅನ್ನುವುದು ಮುಖ್ಯ. 'ಕಣೇ' ಅಂದಾಗ ಒಂದು ಸಲಿಗೆ ಬಂತು. ಆ ಸಲಿಗೆಯ ಹಿಂದೆಯೇ ಮಾತಿನ ದನಿಯೂ ಬದಲಾಯಿತು.

ಕೌಂಟರಿನ ಈಚೆ ಮತ್ತು ಆಚೆ

ಒಂದು ವಿಷಯ ಖಂಡಿತವಾಗಿ ಹೇಳಬೇಕು. ಕ್ಯೂ ಉದ್ದ ಇದೆ, ಮಷಿನ್ ಕೆಟ್ಟಿದೆ, ಒಬ್ಬರೇ ಇದ್ದಾರೆ, ಕಮ್ಮಿ ಬಂದರೆ ಸಂಬಳ ಹೋಗುತ್ತದೆ. ಇಂಥ ಕಡೆ ಕೂತವರಿಗೆ 'ಒಳಮಾತು ಸರಿ ಮಾಡಿಕೊಳ್ಳಿ, ಎಲ್ಲ ಸರಿಹೋಗುತ್ತೆ' ಅನ್ನುವುದು ಅನ್ಯಾಯ. ಭಯಕ್ಕೆ ನಿಜವಾದ ಕಾರಣ ಇತ್ತು. ಅದಕ್ಕೇ ಎರಡು ಕಡೆಯಿಂದಲೂ ಕೆಲಸ ಮಾಡಿದೆವು. ಸಂಘದ ಕಾರ್ಯದರ್ಶಿಯ ಹತ್ತಿರ ಏನು ಕೇಳಬೇಕು, ಹೇಗೆ ಕೇಳಬೇಕು ಅಂತ ನನ್ನ ಕೋಣೆಯಲ್ಲೇ ಎರಡು ಸಲ ಆಡಿ ನೋಡಿದೆವು. ಅವರು ಹೋಗಿ ಕೇಳಿದರು. ಮಷಿನ್ ರಿಪೇರಿ ಆಯಿತು. ಮಾರ್ಕೆಟ್ ದಿನ ದೊಡ್ಡ ಮೊತ್ತವನ್ನು ಇನ್ನೊಬ್ಬರು ನೋಡಿ ಸಹಿ ಹಾಕುವುದು ಅಂತ ಆಯಿತು. ಕಮ್ಮಿ ಬಂದದ್ದನ್ನು ಕ್ಯಾಷಿಯರೇ ತುಂಬುವ ರೂಢಿ ಮಾತ್ರ ಬದಲಾಗಲಿಲ್ಲ.

ಎಣಿಕೆಗೂ ಒಂದು ಕಟ್ಟು ಹಾಕಿಕೊಂಡರು. ಎರಡು ಸಲ ಎಣಿಸುವುದು, ಎರಡೂ ಒಂದೇ ಬಂದರೆ ಕೊಟ್ಟುಬಿಡುವುದು. ಮೂರನೇ ಸಲ ಎಣಿಸಬೇಕು ಅಂತ ಕೈ ತುರಿಸಿದರೂ ಎಣಿಸದೇ ಇರುವುದು. ಮೊದಲ ವಾರ ಇದು ತುಂಬಾ ಕಷ್ಟವಾಯಿತು.

ಆರನೇ ವಾರ ಮತ್ತೆ 500 ರೂಪಾಯಿ ಕಮ್ಮಿ ಬಂತು. ಮಾರನೆಯ ದಿನವೇ ಫೋನ್ ಮಾಡಿದರು. ದನಿ ಕೇಳಿ ನನಗೂ ಒಂದು ಕ್ಷಣ ಭಯವಾಯಿತು. ಎರಡು ಸಲ ಎಣಿಸಿದ್ದರು, ಸ್ಲಿಪ್ ಕೂಡಿದ್ದರು, ಕಾರ್ಯದರ್ಶಿಗೆ ಹೇಳಿ 500 ತುಂಬಿ ಮನೆಗೆ ಹೋಗಿದ್ದರು. ದುಡ್ಡು ಈ ಸಲವೂ ಸಿಗಲಿಲ್ಲ. 'ಆ ಮಾತು ಬಂತು ಮೇಡಂ. ಬಂದು ಪಕ್ಕದಲ್ಲೇ ನಿಂತ್ಕೊಂಡಿತ್ತು. ನಾನು ಎಣಿಸ್ತಾ ಇದ್ದೆ' ಅಂದರು. 'ರಾತ್ರಿ?' ಅಂತ ಕೇಳಿದೆ. 'ಮಲಗಿದೆ. ಐದು ಗಂಟೆಗೆ ಎದ್ದೆ.' ನನ್ನ ಮಟ್ಟಿಗೆ ಈ ಇಡೀ ಪ್ರಕರಣದಲ್ಲಿ ಸುಧಾರಣೆಯ ಗುರುತು ಅಂದರೆ ಆ ಒಂದು ರಾತ್ರಿಯ ನಿದ್ದೆ.

ಮಗಳ ವಿಷಯ

'ಹಾಗನ್ನಬೇಡ' ಅಂತ ಮಗಳಿಗೆ ಹೇಳಬೇಕಾ ಅಂತ ಕೇಳಿದ್ದರು. ಬೇಡ ಅಂದೆ. ಮಕ್ಕಳು ಬೇಡ ಅಂದದ್ದನ್ನು ಕಲಿಯುವುದಿಲ್ಲ, ಕೇಳಿಸಿಕೊಂಡದ್ದನ್ನು ಕಲಿಯುತ್ತಾರೆ. ಅದರ ಬದಲು, ನಿಮ್ಮ ಕೈಯಲ್ಲಿ ಏನಾದರೂ ತಪ್ಪಿದಾಗ ನಿಮ್ಮ ಹೊಸ ಮಾತನ್ನು ಸ್ವಲ್ಪ ಜೋರಾಗಿ ಆಡಿ, ಅವಳ ಕಿವಿಗೆ ಬೀಳಲಿ ಅಂದೆ.

ಒಂದು ಬೆಳಿಗ್ಗೆ ಹಾಲು ಉಕ್ಕಿ ಒಲೆ ತುಂಬಾ ಹರಿಯಿತಂತೆ. ಮೊದಲಾಗಿದ್ದರೆ ಪಾತ್ರೆ ಕುಕ್ಕಿ ಆ ಹಳೇ ಮಾತು ಬರುತ್ತಿತ್ತು. ಆವತ್ತು 'ಉಕ್ಕೇಬಿಡ್ತು. ಬಾ ಒರೆಸೋಣ' ಅಂತ ತಮಗೇ ಹೇಳಿಕೊಂಡರು. ಮಗಳು ತನ್ನನ್ನೇ ಕರೆದರು ಅಂದುಕೊಂಡು ಬಟ್ಟೆ ಹಿಡಿದು ಬಂದು ನಿಂತಳು.

ಒಟ್ಟು ಒಂಬತ್ತು ಭೇಟಿ, ನಾಲ್ಕು ತಿಂಗಳು. ಕೊನೆಯ ವಾರ ಮತ್ತೆ ಚೀಟಿ ಬರೆಸಿದೆ. ಆರು ಬಂದವು, ಅದರಲ್ಲಿ ಅಪ್ಪನ ಮಾತು ಎರಡು. ಮೇ ತಿಂಗಳಲ್ಲಿ ಗಂಡನ ಅಣ್ಣನ ಮಗಳ ಮದುವೆ ಇದೆ, ಮುಯ್ಯಿ ಬರೆಯಲು ಕೂರುತ್ತೇನೆ ಅಂತ ಒಪ್ಪಿಕೊಂಡಿದ್ದಾರೆ. ಅದಕ್ಕೂ ಮೊದಲು ಮಾರ್ಚ್ ಕೊನೆಯ ಲೆಕ್ಕ ಮುಗಿಸುವ ವಾರ ದಾಟಬೇಕು. ಅದರ ಭಯ ಇನ್ನೂ ಇದೆ. ಆ ವಾರ ದಿನಾ ಸಂಜೆ ಟ್ಯಾಲಿ ಆದರೂ ಆಗದಿದ್ದರೂ ಒಂದು ಫೋನ್ ಮಾಡುವುದು ಅಂತ ಮಾತಾಗಿದೆ.